ಯೀಸ್ಟ್‌ಗೆ ಬರವಿಲ್ಲ, ಪೆನ್ನಿಗೆ ಬರ

‘ಪೇಪರಲ್ಲಿ ಬಂದಿದೆ ನೋಡು, ಪೆನ್ ಇನ್ಸುಲಿನ್ ನಿಲ್ಲುತ್ತಂತೆ. ನೀವು ಸಾಕೋ ಯೀಸ್ಟ್‌ಗೆ ಏನಾಯ್ತೋ?’

ಶಿವಮೊಗ್ಗದಿಂದ ಅಮ್ಮನ ಫೋನು. ನಾನು ಹೈದರಾಬಾದಿನಲ್ಲಿ ಫರ್ಮೆಂಟರ್‌ಗಳ ನಡುವೆ ಹನ್ನೆರಡು ವರ್ಷ ಕಳೆದವನು. ಅಪ್ಪ ಅದಕ್ಕೂ ಮೊದಲಿನಿಂದ ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರು. ಹಾಗಾಗಿ ಪ್ರಶ್ನೆ ನನಗೇ ಬಂತು.

ಸುದ್ದಿ ಇಷ್ಟು: ಡೆನ್ಮಾರ್ಕ್‌ನ ನೋವೊ ನಾರ್ಡಿಸ್ಕ್ ಕಂಪನಿ ತನ್ನ ಹ್ಯೂಮನ್ ಇನ್ಸುಲಿನ್‌ನ ಪೆನ್ ಮತ್ತು ಕಾರ್ಟ್ರಿಜ್‌ಗಳನ್ನು ಭಾರತದಲ್ಲೂ ಹಂತಹಂತವಾಗಿ ನಿಲ್ಲಿಸುತ್ತದೆ ಎಂಬುದು 2025ರಲ್ಲಿ ಹೊರಬಿತ್ತು. ಬಾಟಲಿಗಳು ಮುಂದುವರಿಯುತ್ತವೆ. ಅಂದರೆ ಔಷಧ ಇರುತ್ತದೆ, ಅದನ್ನು ಸುಲಭವಾಗಿ ಚುಚ್ಚಿಕೊಳ್ಳುವ ಸಾಧನ ಹೋಗುತ್ತದೆ.

ಯೀಸ್ಟ್‌ಗೆ ಏನೂ ಆಗಿಲ್ಲ. ಒಂದು ಕಾಲದಲ್ಲಿ ಇನ್ಸುಲಿನ್ ಬರುತ್ತಿದ್ದುದು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ. (ಇದನ್ನು ಅಮ್ಮನಿಗೆ ಹೇಳಿದಾಗ ಮೊದಲು ಕೇಳಿದ್ದು, ‘ಈಗಿನದು ಅದಲ್ಲ ತಾನೆ?’) 1982ರಲ್ಲಿ ಅಮೆರಿಕದಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಹ್ಯೂಮನ್ ಇನ್ಸುಲಿನ್ ಮಾರುಕಟ್ಟೆಗೆ ಬಂತು. 1987ರಲ್ಲಿ ನೋವೊ ಅದನ್ನು ಬ್ರೆಡ್ಡಿಗೆ ಹಾಕುವ ಯೀಸ್ಟ್‌ನಿಂದಲೇ ತೆಗೆಯಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಇನ್ನೊಂದು ಯೀಸ್ಟ್‌ನಿಂದ ಇನ್ಸುಲಿನ್ ಮಾಡಿ ಮಾರಾಟಕ್ಕೆ ತಂದಿತು. ಪಿಕಿಯಾದಿಂದ ಇನ್ಸುಲಿನ್ ತಯಾರಾದದ್ದು ಜಗತ್ತಿನಲ್ಲೇ ಅದು ಮೊದಲು. ಕಿರಣ್ ಮಜುಂದಾರ್ ಶಾ ಓದಿದ್ದು ಬಿಯರ್ ತಯಾರಿಸುವ ವಿದ್ಯೆ ಎಂಬುದನ್ನು ನೆನೆದರೆ ಇದು ಅಷ್ಟೇನೂ ಆಶ್ಚರ್ಯವಲ್ಲ. ಅದಕ್ಕೂ ಮುಂಚೆ, 1997ರಲ್ಲಿ, ನಾನಿರುವ ಈ ಊರಿನ ಶಾಂತಾ ಬಯೋಟೆಕ್ನಿಕ್ಸ್ ಪಿಕಿಯಾದಿಂದಲೇ ಹೆಪಟೈಟಿಸ್-ಬಿ ಲಸಿಕೆ ಮಾಡಿತ್ತು.

ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನ್. ಎರಡು ಸರಪಳಿ, ಅವುಗಳಲ್ಲಿ ಮೂರು ಗಂಧಕದ ಕೊಂಡಿ. ಈ ಕೊಂಡಿಗಳು ಸರಿಯಾದ ಜಾಗದಲ್ಲಿ ಕೂಡದಿದ್ದರೆ ಅದು ಇನ್ಸುಲಿನ್ನೇ ಅಲ್ಲ. ಬ್ಯಾಕ್ಟೀರಿಯಾದ ಒಳಗೆ ಪ್ರೋಟೀನ್ ಉಂಡೆ ಕಟ್ಟಿ ಕೂರುತ್ತದೆ, ಅದನ್ನು ಬಿಡಿಸಿ ಮತ್ತೆ ಮಡಚಬೇಕು. ಯೀಸ್ಟ್ ತಾನೇ ಮಡಚಿ ಹೊರಗಿನ ದ್ರವಕ್ಕೆ ಬಿಡುತ್ತದೆ. ಪಿಕಿಯಾಕ್ಕೆ ಮೊದಲು ಗ್ಲಿಸರಾಲ್ ಕೊಟ್ಟು ದಟ್ಟವಾಗಿ ಬೆಳೆಸಿ, ಆಮೇಲೆ ಮೆಥನಾಲ್ ಕೊಟ್ಟರೆ ಜೀನ್‌ನ ಸ್ವಿಚ್ ಹಾಕಿದಂತೆ. ಆಗ ಟ್ಯಾಂಕ್ ಒಲೆಯಂತೆ ಬಿಸಿಯಾಗುತ್ತದೆ, ಆಮ್ಲಜನಕಕ್ಕೆ ಬಾಯಿಬಿಡುತ್ತದೆ. ಮೆಥನಾಲ್ ಬೇರೆ ಬೆಂಕಿಯ ವಸ್ತು. ರಾತ್ರಿ ಪಾಳಿಯಲ್ಲಿ ನಮ್ಮ ಕಣ್ಣು ತಾಪಮಾನದ ಗೆರೆಯ ಮೇಲೇ. ಹೊರಬಂದದ್ದು ಇನ್ನೂ ಕಚ್ಚಾ ಸರಪಳಿ. ಕಿಣ್ವದಿಂದ ಕತ್ತರಿಸಿ, ಶುದ್ಧ ಮಾಡಿ, ಹರಳುಗಟ್ಟಿಸಬೇಕು. ಕಷ್ಟದ ಕೆಲಸ ಹೌದು, ಆದರೆ ಕಲಿತಾಗಿರುವ ಕೆಲಸ. ಹ್ಯೂಮನ್ ಇನ್ಸುಲಿನ್ ಒಬ್ಬ ರೋಗಿಗೆ ವರ್ಷಕ್ಕೆ 48ರಿಂದ 71 ಡಾಲರಿಗೆ, ಲಾಭವನ್ನೂ ಸೇರಿಸಿಯೇ, ದೊರಕಬಹುದು ಎಂದು 2018ರ ಒಂದು ಅಧ್ಯಯನ ಲೆಕ್ಕಹಾಕಿತ್ತು.

ಹಾಗಿದ್ದರೆ ಪೆನ್ ಏಕೆ ನಿಲ್ಲುತ್ತದೆ? ತೂಕ ಇಳಿಸುವ ಔಷಧವೆಂದು ಈಗ ಎಲ್ಲರ ಬಾಯಲ್ಲಿರುವ ಸೆಮಗ್ಲುಟೈಡ್ ಕೂಡ ನೋವೊದ್ದೇ. ಅದರ ಬೆನ್ನೆಲುಬಿನ ಪೆಪ್ಟೈಡ್ ಬೆಳೆಯುವುದೂ ಯೀಸ್ಟ್‌ನಲ್ಲೇ. ಉಳಿದ ತುಂಡುಗಳನ್ನು ರಾಸಾಯನಿಕವಾಗಿ ಜೋಡಿಸುತ್ತಾರೆ. ಅದೂ ಪೆನ್ನಿನಲ್ಲೇ ಬರುತ್ತದೆ. ಅದರ ಬೇಡಿಕೆ ಏರಿದಾಗ ಸಾಲದೆ ಬಂದದ್ದು ಮುಖ್ಯವಾಗಿ ಔಷಧವನ್ನು ಪೆನ್ನಿಗೆ ತುಂಬುವ ಘಟಕಗಳು. ಕ್ಯಾಟಲೆಂಟ್ ಕಂಪನಿಯ ಮೂರು ತುಂಬುವ ಘಟಕಗಳಿಗೆ 2024ರಲ್ಲಿ ನೋವೊ 1100 ಕೋಟಿ ಡಾಲರ್ ಸುರಿದದ್ದು ಇದಕ್ಕೇ. ದುಬಾರಿ ಔಷಧ ತುಂಬಬಹುದಾದ ಯಂತ್ರದಲ್ಲಿ ಬೆಲೆ ನಿಯಂತ್ರಣವಿರುವ ಹಳೆಯ ಇನ್ಸುಲಿನ್ ತುಂಬುವ ಉತ್ಸಾಹ ಯಾರಿಗಿರುತ್ತದೆ? ಇದು ನನ್ನ ಊಹೆ, ಆದರೆ ಈ ಕಸುಬಿನಲ್ಲಿರುವವರಿಗೆ ವಿಚಿತ್ರವೆನಿಸದು. ಭಾರತದಲ್ಲಿ ಸೆಮಗ್ಲುಟೈಡ್‌ನ ಪೇಟೆಂಟ್ ಗಡುವು 2026ರ ಮಾರ್ಚ್. ಆಮೇಲೆ ನಮ್ಮ ದೇಶೀ ಕಂಪನಿಗಳ ಪೆನ್ ಸಾಲುಗಳೂ ಅತ್ತ ತಿರುಗಿದರೆ? ಹ್ಯೂಮನ್ ಇನ್ಸುಲಿನ್ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಸರ್ಕಾರ ಬೆಲೆಯ ಮೇಲಷ್ಟೇ ಅಲ್ಲ, ಪೆನ್‌ಗಳ ಪೂರೈಕೆಯ ಮೇಲೂ ಕಣ್ಣಿಡಬೇಕು. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದೆ. ಎಲ್ಲರಿಗೂ ಇನ್ಸುಲಿನ್ ಬೇಡ, ಆದರೆ ಬೇಕಾದವರಲ್ಲಿ ಬಹಳಷ್ಟು ಮಂದಿ ಅಪ್ಪನಂತೆ ಕಣ್ಣು ಮಂಜಾದವರು.

ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದಿರುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಇನ್ನೊಂದು ಅಪಾಯವಿದೆ. ಪೆನ್ ಕಾರ್ಟ್ರಿಜ್‌ನಲ್ಲಿ ಒಂದು ಮಿಲಿಗೆ 100 ಯೂನಿಟ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹ್ಯೂಮನ್ ಇನ್ಸುಲಿನ್ ಬಾಟಲಿಯಲ್ಲಿ 40. 100 ಯೂನಿಟ್‌ನ ಬಾಟಲಿಗಳೂ ಅಂಗಡಿಯಲ್ಲಿವೆ. ಸಿರಿಂಜ್ ಕೂಡ ಎರಡು ಬಗೆ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 100ರ ಇನ್ಸುಲಿನ್ನನ್ನು 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ದಿಢೀರ್ ಕುಸಿದು ಪ್ರಾಣಕ್ಕೇ ಬರಬಹುದು. ಕಿತ್ತಳೆಯದರಲ್ಲಿ 40ರದ್ದನ್ನು ಎಳೆದರೆ ಬರೀ 8. ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ. ಬೇರೆ ಕಂಪನಿಯ ಕಾರ್ಟ್ರಿಜ್ ತಂದರೂ ಅದು ಮನೆಯಲ್ಲಿರುವ ಪೆನ್ನಿಗೆ ಕೂರುತ್ತದೆಂಬ ಖಾತ್ರಿಯಿಲ್ಲ, ಪೆನ್ನನ್ನೂ ಬದಲಿಸಬೇಕಾಗಬಹುದು.

ಬದಲಾವಣೆ ಏನೇ ಇದ್ದರೂ ಡಾಕ್ಟರನ್ನು ಕೇಳದೆ ಮಾಡಬೇಡಿ ಎಂದು ಅಮ್ಮನಿಗೆ ಹೇಳಿದೆ. ಬಾಟಲಿಯೇ ಗತಿಯಾದರೆ, ಮೊದಲ ದಿನ ಬಾಟಲಿಯ ಲೇಬಲ್ಲು, ಸಿರಿಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಬೇಕು, ನಾನು ನೋಡಿ ಹೂಂ ಅನ್ನುವವರೆಗೆ ಚುಚ್ಚಬಾರದು ಎಂದೂ ಮಾತಾಗಿದೆ. ‘ಅಷ್ಟು ಬೆಳಿಗ್ಗೆ ನೀನು ಎದ್ದಿರ್ತೀಯಾ?’ ಅಂದರು ಅಮ್ಮ. ಆರೂವರೆಗೆ ಅಲಾರಂ ಇಟ್ಟಿದ್ದೇನೆ.