ಬಣ್ಣ ಹಚ್ಚಿದವರ ಮೇಲೇ ಮೊದಲ ಅನುಮಾನ!

ಊರು ಲಂಡನ್. ಇಸವಿ 1880. ಗಂಡ ವಿಷದಿಂದ ಸತ್ತು ಬಿದ್ದಿದ್ದಾನೆ. ಹೆಂಡತಿ ಒಂದು ಕಾಲದ ರಂಗನಟಿ. ಇನ್ನೇನು ಬೇಕು ಹೇಳಿ? 'ಇವಳದ್ದೇ ಕೆಲಸ' ಅಂತ ಎಲ್ಲರ ಬೆರಳೂ ಅವಳ ಕಡೆಗೇ!

ಪೀಟರ್ ಅಕ್ರಾಯ್ಡ್ 1994ರಲ್ಲಿ ಬರೆದ ಇಂಗ್ಲಿಷ್ ಕಾದಂಬರಿ ಇದು: 'ಡ್ಯಾನ್ ಲೀನೋ ಅಂಡ್ ದಿ ಲೈಮ್‌ಹೌಸ್ ಗೋಲೆಮ್'. 2016ರಲ್ಲಿ ಸಿನಿಮಾನೂ ಆಯ್ತು. ಪತ್ತೇದಾರನಾಗಿ ಬಿಲ್ ನೈ, ನಟಿಯಾಗಿ ಒಲಿವಿಯಾ ಕುಕ್. ಈ ವಿಷದ ಕೇಸಿನ ಜೊತೆಗೆ ಇಡೀ ಪೇಟೆಯನ್ನು ನಡುಗಿಸಿದ ಸಾಲು ಸಾಲು ಕೊಲೆಗಳು ಬೇರೆ. ಅನುಮಾನದ ಪಟ್ಟಿಯಲ್ಲಿ ಯಾರಿದ್ದಾರೆ ಗೊತ್ತೇ? ಸಾಕ್ಷಾತ್ ಕಾರ್ಲ್ ಮಾರ್ಕ್ಸ್! ಜೊತೆಗೆ ಹೆಣ್ಣುವೇಷ ಹಾಕಿ ಲಂಡನ್ನನ್ನೇ ನಗಿಸುತ್ತಿದ್ದ ಡ್ಯಾನ್ ಲೀನೋ. ಈತ ಕಟ್ಟುಕಥೆಯವನಲ್ಲ, ನಿಜವಾಗಿ ಬದುಕಿದ್ದ ನಟ. ಕೊಲೆಗಾರ ಯಾರು? ಊಹೂಂ, ಹೇಳೋದಿಲ್ಲ. ಕ್ಲೈಮ್ಯಾಕ್ಸ್ ಬಾಯಿಬಿಡುವವನಿಗೆ ಗಾಂಧಿ ಕ್ಲಾಸಿನಲ್ಲೂ ಜಾಗವಿಲ್ಲ!

ಅದೇ ಕಾಲಕ್ಕೆ ನಮ್ಮ ಕನ್ನಡ ನಾಡಿನಲ್ಲೂ ಪರದೆ ಏಳುತ್ತಿತ್ತು. ಗದಗಿನಲ್ಲಿ ಶಾಂತಕವಿಗಳ ಮಂಡಳಿ, ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಸರೆಯ ಕಂಪನಿ, 1884ರಲ್ಲಿ ಗುಬ್ಬಿ ಕಂಪನಿ. ಬಸವಪ್ಪ ಶಾಸ್ತ್ರಿಗಳು ಷೇಕ್ಸ್‌ಪಿಯರನ 'ಒಥೆಲೋ'ವನ್ನು 'ಶೂರಸೇನ ಚರಿತ್ರೆ' ಮಾಡಿದ್ದು ಆ ದಿನಗಳಲ್ಲೇ. ಅನುಮಾನದ ಭೂತ ಹೊಕ್ಕ ಗಂಡ, ಏನೂ ತಪ್ಪು ಮಾಡದ ಹೆಂಡತಿಯನ್ನು ಕೊಲ್ಲುವ ಕಥೆ. ಆಗ ಹೆಣ್ಣಿನ ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದರು. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ?

ಆದರೆ ಗೆಳೆಯರೇ, ಇಂಥ ಕಥೆಗಳಲ್ಲಿ ಮೊದಲ ಅನುಮಾನ ನಾಟಕದವರ ಮೇಲೇ ಬೀಳೋದ್ಯಾಕೆ? ದಿನಾ ರಾತ್ರಿ ಇನ್ನೊಬ್ಬರಾಗಿ ಅಳುವವರ ಕಣ್ಣೀರು ನಿಜವೋ ಸುಳ್ಳೋ ಗೊತ್ತಾಗೋದು ಹೇಗೆ ಅನ್ನೋ ಭಯ. ಕಾದಂಬರಿಯಲ್ಲಿ ಅದು ಮಜಾ. ಬದುಕಿನಲ್ಲಿ? 'ನಾಟಕದವನು' ಅಂದರೆ ಬಾಡಿಗೆಗೆ ಮನೆ ಇಲ್ಲ, ಹೆಣ್ಣು ಕೊಡೋರಿಲ್ಲ. ನಟಿಯಾದರಂತೂ ಕೇಳಲೇಬೇಡಿ.

ಪುಟ್ಟಣ್ಣ ಕಣಗಾಲರ 'ರಂಗನಾಯಕಿ' (1981) ನೆನಪು ಮಾಡಿಕೊಳ್ಳಿ. ಅಶ್ವತ್ಥರ ಕಾದಂಬರಿ, ಆರತಿಯ ಅಭಿನಯ. ಮದುವೆಯಾದ ಮೇಲೆ ಬಣ್ಣ ಹಚ್ಚಬಾರದು ಅಂತ ಗಂಡನ ಕರಾರು. ಮತ್ತೆ ರಂಗ ಹತ್ತಿದ್ದೇ ತಪ್ಪಾಯ್ತು. ಗಂಡ ಮಗುವನ್ನೂ ಕರೆದುಕೊಂಡು ಹೊರಟೇಹೋದ. ಇಲ್ಲಿ ಕೊಲೆ ಇಲ್ಲ, ಕೋರ್ಟಿಲ್ಲ, ಶಿಕ್ಷೆ ಮಾತ್ರ ಇದೆ!

ನಮ್ಮ ಸಾಗರದ ಮಾತೇ ತಗೊಳ್ಳಿ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಾಟಕ ಕಂಪನಿ ಬಂದರೆ ರಾತ್ರಿ ಶಿಳ್ಳೆ ಹೊಡೆಯೋರೂ ನಾವೇ, ಬೆಳಗ್ಗೆ ಹೋಟ್ಲಲ್ಲಿ ಕೂತು ಆ ನಟಿಯ ಬಗ್ಗೆ ಇಲ್ಲದ್ದು ಪೋಣಿಸೋರೂ ನಾವೇ. ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲೇ ನೀನಾಸಂ ಹುಟ್ಟಿತು. 1980ರಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲೇ ನಾಟಕದ ಶಾಲೆ ತೆರೆದರು. ಅಡಿಕೆ ತೋಟದ ಮಧ್ಯೆ ಹುಡುಗ ಹುಡುಗಿಯರು ನಟನೆ ಕಲಿತರು, 1985ರಿಂದ 'ತಿರುಗಾಟ' ಊರೂರು ಸುತ್ತಿತು. ಪಕ್ಕದ ಮನೆಯ ಹುಡುಗಿಯೇ ರಂಗದ ಮೇಲೆ ನಿಂತಾಗ ಬಾಯಿಗೆ ಬಂದಂತೆ ಮಾತಾಡೋಕೆ ನಾಲಿಗೆ ಏಳೋದಿಲ್ಲ, ಅಲ್ವೇ?

ಇಷ್ಟಕ್ಕೂ ನನ್ನ ಆಸೆ ಇದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂಥ ಒಬ್ಬ ಜಾಣ 1880ರ ದಶಕದ ಕನ್ನಡ ಕಂಪನಿಯೊಂದರ ಟೆಂಟಿಗೆ ಬರಬೇಕು. ಊರೆಲ್ಲಾ ಸ್ತ್ರೀಪಾತ್ರದವನ ಕಡೆ ಬೆರಳು ತೋರಿಸುವಾಗ, ಅವನು ಮಾತ್ರ ಪರದೆಗೆ ಬೆನ್ನು ಹಾಕಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತ ದೊಡ್ಡ ಮನುಷ್ಯರ ಮುಖಗಳನ್ನು ಒಂದೊಂದಾಗಿ ನೋಡಬೇಕು.

ಆ ಸ್ತ್ರೀಪಾತ್ರಕ್ಕೆ ನಮ್ಮ ಈಗಿನ ಹೀರೋಗಳಲ್ಲಿ ಸೀರೆ ಉಡುವ ಧೈರ್ಯ ಯಾರಿಗಿದೆ? ಒಂದು ಕಾರ್ಡು ಬರೆದು ಹಾಕಿ. ಮುಂದಿನ ವಾರ ಸಿಗೋಣ!