ಒಂದೇ ಧರ್ಮವಿದ್ದರೆ ಸಾಕೇ?

ಧರ್ಮ ಒಂದಾದರೆ ಜನ ತಾವಾಗಿಯೇ ಒಂದಾಗುತ್ತಾರೆ ಎಂಬ ಮಾತನ್ನು ನಮ್ಮ ಸಮಾವೇಶಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಚಪ್ಪಾಳೆಯೂ ಬೀಳುತ್ತದೆ. ಆದರೆ ಸೇತುವೆ ಕಟ್ಟುವವರು ನಕ್ಷೆ ಚೆಂದವಿದೆ ಎಂದು ಒಪ್ಪಿಬಿಡುವುದಿಲ್ಲ, ಭಾರ ಹೊರಿಸಿ ನೋಡುತ್ತಾರೆ. ಸರಕಾರಿ ಇಂಜಿನಿಯರನಾಗಿದ್ದವನಿಗೆ ನಿವೃತ್ತಿಯ ಮೇಲೂ ಆ ಚಾಳಿ ಬಿಡದು. ಈ ಮಾತಿನ ಮೇಲೆ ನಿಜವಾಗಿಯೂ ಭಾರ ಬಿದ್ದ ಜಾಗವೊಂದು ಪೂರ್ವ ಆಫ್ರಿಕಾದಲ್ಲಿದೆ.

ರುವಾಂಡಾ ಚಿಕ್ಕ ದೇಶ. ಹುಟು, ಟುಟ್ಸಿ ಎಂಬ ಎರಡು ಮುಖ್ಯ ಸಮುದಾಯಗಳು. ಇಬ್ಬರೂ ಆಡುವುದು ಒಂದೇ ಭಾಷೆ, ಇಬ್ಬರ ಮನೆಗಳೂ ಅದೇ ಗುಡ್ಡಗಳ ಮೇಲೆ ಅಕ್ಕಪಕ್ಕ. 1994ರ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಕ್ರೈಸ್ತರು, ಅವರಲ್ಲಿ ಬಹುಪಾಲು ಕ್ಯಾಥೊಲಿಕರು. ಭಾನುವಾರ ಒಂದೇ ಚರ್ಚಿನಲ್ಲಿ ಕೂತು ಪ್ರಾರ್ಥಿಸುತ್ತಿದ್ದವರು. ಆ ವರ್ಷದ ಏಪ್ರಿಲ್‌ನಿಂದ ಜುಲೈವರೆಗಿನ ನೂರು ದಿನಗಳಲ್ಲಿ ಟುಟ್ಸಿಗಳನ್ನೂ ಅವರ ಪರ ನಿಂತ ಹುಟುಗಳನ್ನೂ ಕಡಿದು ಹಾಕಿದರು. ಸತ್ತವರು ಸುಮಾರು 8 ಲಕ್ಷ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ದೇವರ ಮನೆಯಲ್ಲಿ ಯಾರೂ ಕೊಲ್ಲಲಾರರೆಂದು ನಂಬಿ ಜನ ಚರ್ಚುಗಳಿಗೆ ಓಡಿದರು. ಕೊಲೆಗಾರರೂ ಅಲ್ಲಿಗೇ ಬಂದರು. ನ್ಯಾಮಾಟಾದ ಚರ್ಚು ಇಂದು ಪೂಜಾಸ್ಥಳವಲ್ಲ, ಸ್ಮಾರಕ. ನ್ಯಾಂಗೆ ಎಂಬಲ್ಲಿ ಸುಮಾರು 2,000 ಜನ ಒಳಗಿರುವಾಗಲೇ ಚರ್ಚನ್ನು ಬುಲ್ಡೋಜರ್ ಹಚ್ಚಿ ಕೆಡವಿದರು. ಒಪ್ಪಿಗೆ ಕೊಟ್ಟವರು ಅದೇ ಚರ್ಚಿನ ಪಾದ್ರಿ ಅಥನಾಸ್ ಸೆರೊಂಬಾ. ಅಂತಾರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಬುಲ್ಡೋಜರ್ ಬಂದಿದ್ದುದು ರಸ್ತೆ ಕೆಲಸಕ್ಕೆ. ರಸ್ತೆ ಕೆಲಸ ಮಾಡಿಸಿದ ನನಗೆ ಆ ಒಂದು ಸಂಗತಿಯನ್ನು ಅರಗಿಸಿಕೊಳ್ಳಲು ಆಗಿಲ್ಲ.

ಧರ್ಮ ಯಾಕೆ ತಡೆಯಲಿಲ್ಲ? 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಎಲ್ಲರಿಗೂ ಗುರುತಿನ ಚೀಟಿ ಹಂಚಿ ಅದರಲ್ಲಿ ಹುಟುವೋ ಟುಟ್ಸಿಯೋ ಎಂದು ಬರೆಸಿತು. ಮಿಶನರಿ ಶಾಲೆಗಳು ಮೊದಲು ಟುಟ್ಸಿ ಮಕ್ಕಳಿಗೆ ಮಣೆ ಹಾಕಿದವು. ಅಧಿಕಾರ ಹುಟುಗಳ ಕೈಗೆ ಬಂದಾಗ ಚರ್ಚಿನ ಹಿರಿಯರು ಆ ಕಡೆ ವಾಲಿದರು. ಕಿಗಾಲಿಯ ಆರ್ಚ್‌ಬಿಷಪ್ಪರು ಎಷ್ಟೋ ವರ್ಷ ಆಳುವ ಪಕ್ಷದ ಕೇಂದ್ರ ಸಮಿತಿಯಲ್ಲೇ ಕೂತಿದ್ದರು. ದೀಕ್ಷಾಸ್ನಾನ ಎಲ್ಲರಿಗೂ ಒಂದೇ, ಚೀಟಿಯ ಕಾಲಂ ಮಾತ್ರ ಬೇರೆ. ಅರವತ್ತು ವರ್ಷ ಧರ್ಮ ಆ ಕಾಲಮ್ಮಿನ ಜೊತೆ ಹೊಂದಿಕೊಂಡು ಬಾಳಿತು. 1994ರಲ್ಲಿ ರಸ್ತೆ ತಡೆಗಳಲ್ಲಿ ಕೇಳಿದ್ದು ಅದೇ ಚೀಟಿಯನ್ನು.

ಪಕ್ಕದ ತಾಂಜಾನಿಯಾ ನೋಡಿ. 120ಕ್ಕೂ ಹೆಚ್ಚು ಬುಡಕಟ್ಟುಗಳು. ಕ್ರೈಸ್ತರೂ ಮುಸಲ್ಮಾನರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಸಭೆಯ ಮಾತು ನಿಜವಾಗಿದ್ದರೆ ಮೊದಲು ಹೊತ್ತಿ ಉರಿಯಬೇಕಾದದ್ದು ಅದೇ. ಉರಿಯಲಿಲ್ಲ. ಅಧ್ಯಕ್ಷ ನೈರೆರೆ ಸ್ವತಃ ಶ್ರದ್ಧಾವಂತ ಕ್ಯಾಥೊಲಿಕರು, ಆದರೂ ಧರ್ಮವನ್ನು ಅಂಟು ಎಂದು ಬಳಸಲಿಲ್ಲ. ಸ್ವಾಹಿಲಿಯನ್ನು ಪ್ರಾಥಮಿಕ ಶಾಲೆಗೂ ಕಚೇರಿಗೂ ತಂದರು. ಹೈಸ್ಕೂಲು ಮಕ್ಕಳನ್ನು ದೂರದ ಜಿಲ್ಲೆಗಳ ವಸತಿ ಶಾಲೆಗೆ ಕಳಿಸಿ ಬೇರೆ ಬುಡಕಟ್ಟಿನವರ ಜೊತೆ ಉಣ್ಣಿಸಿ ಮಲಗಿಸಿದರು. 1967ರ ನಂತರದ ಜನಗಣತಿಗಳಲ್ಲಿ ಬುಡಕಟ್ಟು, ಧರ್ಮಗಳ ಪ್ರಶ್ನೆಯನ್ನೇ ಕೈಬಿಟ್ಟರು. (ಅವರು ಬಲವಂತವಾಗಿ ಹಳ್ಳಿಗಳನ್ನು ಎತ್ತಂಗಡಿ ಮಾಡಿಸಿದ್ದು ರೈತರನ್ನು ಹೈರಾಣಾಗಿಸಿತು, ಅದು ಬೇರೆ ಮಾತು.)

ಅದೇ ದೇಶಕ್ಕೆ ಸೇರಿದ ಜಾಂಜಿಬಾರ್ ದ್ವೀಪದಲ್ಲಿ ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು. ಅಲ್ಲಿ 1964ರ ಜನವರಿಯಲ್ಲಿ ಸಾವಿರಾರು ಅರಬರ ಹತ್ಯೆಯಾಯಿತು. ಕೊಂದವರೂ ಸತ್ತವರೂ ಬಹುತೇಕ ಒಂದೇ ಧರ್ಮದವರು. ಜಗಳವಿದ್ದದ್ದು ಜಮೀನು ಯಾರದು, ಅಧಿಕಾರ ಯಾರದು ಎಂಬುದರ ಮೇಲೆ.

ಧರ್ಮಕ್ಕೆ ಶಕ್ತಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ರುವಾಂಡಾದಲ್ಲೂ ಟುಟ್ಸಿಗಳನ್ನು ಬಚ್ಚಿಟ್ಟು ಕಾಪಾಡಿದ ಪಾದ್ರಿಗಳು, ಸನ್ಯಾಸಿನಿಯರು ಇದ್ದರು, ಪ್ರಾಣವನ್ನೂ ಕೊಟ್ಟರು. ಅವರು ಧರ್ಮವನ್ನು ಚೀಟಿಗಿಂತ ಮೇಲೆ ಇಟ್ಟವರು. ಶರಣರು ಕಲ್ಯಾಣದಲ್ಲಿ ಮಾಡಿದ್ದೂ ಅದನ್ನೇ. ಇಷ್ಟಲಿಂಗ ಕೊಟ್ಟು ಅಷ್ಟಕ್ಕೇ ಬಿಡಲಿಲ್ಲ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ಬೀಗತನ ಬೆಳೆಸಿದರು. ಕೊರಳ ಲಿಂಗವನ್ನು ಸಹಿಸಿಕೊಂಡಿದ್ದ ಸನಾತನಿಗಳು ಆ ಮದುವೆಯನ್ನು ಸಹಿಸಲಿಲ್ಲ.

ನಮ್ಮ ಉಪಪಂಗಡಗಳನ್ನು ರುವಾಂಡಾಕ್ಕೆ ಹೋಲಿಸುವುದು ಅನ್ಯಾಯ, ಹೋಲಿಸುತ್ತಿಲ್ಲ. ಆದರೆ ಪಂಚಮಸಾಲಿ, ಬಣಜಿಗ, ಸಾದರ, ಗಾಣಿಗ, ನೊಳಂಬ ಎಂಬ ಕಾಲಂ ನಮ್ಮಲ್ಲೂ ಇದೆ. ಪ್ರತ್ಯೇಕ ಧರ್ಮದ ಮಾನ್ಯತೆ ಸಿಕ್ಕರೆ ಅದು ತಾನಾಗಿ ಅಳಿಸಿಹೋಗುತ್ತದೆ ಎಂದು ನಂಬಿರುವ ಗೆಳೆಯರು ನನಗೆ ಬಹಳ ಜನ. ಮಾನ್ಯತೆ ಸಿಗಲಿ, ನಾನೂ ಅದರ ಪರ. ಅದು ದಿಲ್ಲಿಯಲ್ಲಿ ಆಗಬೇಕಾದ ಕೆಲಸ. ಕಾಲಂ ಇರುವುದು ನಮ್ಮ ಕೈಯಲ್ಲಿ. ಮೀಸಲಾತಿಗೆ ತಹಶೀಲ್ದಾರರ ಮುಂದೆ ಉಪಪಂಗಡ ಬರೆಯಬೇಕಾಗುತ್ತದೆ, ಒಪ್ಪೋಣ. ಆದರೆ ಮಠದ ಪ್ರಸಾದ ನಿಲಯದ ಅರ್ಜಿಗೆ ಅದು ಏಕೆ? ವಧೂವರರ ಸಮಾವೇಶದ ಅರ್ಜಿಗೆ ಏಕೆ? ಮುಂದಿನ ಬಸವ ಜಯಂತಿಗೆ ಅರ್ಜಿಗಳನ್ನು ಮರುಮುದ್ರಿಸುವಾಗ ಆ ಒಂದು ಸಾಲನ್ನು ಬಿಟ್ಟು ಮುದ್ರಿಸಿ ಎಂದು ಪೂಜ್ಯರಲ್ಲಿ ನನ್ನ ಬಿನ್ನಹ.