ಆಟದ ಯಂತ್ರವೂ ಬಾಳಿಕೆಯ ವಿಚಾರವೂ

ನಮ್ಮ ಕಡೆಯ ಹಿರಿಯರು ಯಾವುದೇ ವಸ್ತುವನ್ನು ಕೊಳ್ಳುವಾಗ ಬೆಲೆಯನ್ನು ಕೇಳುವುದಕ್ಕಿಂತ ಮೊದಲು ಕೇಳುವ ಪ್ರಶ್ನೆಯೊಂದಿದೆ: “ಬಾಳಿಕೆ ಬಂದೀತೆ?” ದೋಣಿಯ ಹಲಗೆಯಿರಲಿ, ಮನೆಯ ಹಂಚಿರಲಿ, ನೀರು ಕಾಯಿಸುವ ತಾಮ್ರದ ಹಂಡೆಯಿರಲಿ, ಈ ಪ್ರಶ್ನೆಗೆ ಸಮಾಧಾನವಾಗುವಂಥ ಉತ್ತರ ದೊರೆಯದ ಹೊರತು ಅವರು ದುಡ್ಡಿನ ಗಂಟು ಬಿಚ್ಚುವವರಲ್ಲ. ಅಂಥವರ ಮಕ್ಕಳಾದ ನಾವು ಕಂಪ್ಯೂಟರು ಕೊಳ್ಳಲು ಹೊರಟಾಗ ಮಾತ್ರ ಈ ಪ್ರಶ್ನೆಯನ್ನು ಮನೆಯಲ್ಲಿಯೇ ಮರೆತು ಹೋಗುತ್ತೇವೆ. ಎಷ್ಟು ವೇಗ, ಎಷ್ಟು ಬಣ್ಣದ ದೀಪ, ಯಾವ ಆಟ ಎಷ್ಟು ಸಲೀಸಾಗಿ ಓಡುತ್ತದೆ ಎಂಬುದಷ್ಟೇ ನಮ್ಮ ಚರ್ಚೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಯಂತ್ರ ಮೂಲೆ ಸೇರುತ್ತದೆ; ತಂದೆ ಮಾಡಿದ ಸಾಲ ಮಾತ್ರ ಮೂಲೆ ಸೇರುವುದಿಲ್ಲ.

ಆದುದರಿಂದ ಆಟಕ್ಕೆ ಯೋಗ್ಯವಾದ ಕಂಪ್ಯೂಟರೊಂದನ್ನು ಬಿಡಿಭಾಗಗಳಿಂದ ನಾವೇ ಕೂಡಿಸಿ, ಅದು ಕಾರವಾರ-ಅಂಕೋಲೆಯ ಹವೆಯಲ್ಲಿ ಹತ್ತು ವರ್ಷವಾದರೂ ನಡೆಯುವಂತೆ ಮಾಡುವುದು ಹೇಗೆ ಎಂಬ ಬಗೆಗೆ ನನ್ನ ವಿಚಾರಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದೆ ಇಡಬಯಸುತ್ತೇನೆ. ನಾನು ಅಂಥ ಯಂತ್ರವೊಂದನ್ನು ಕೂಡಿಸುವ ಸಿದ್ಧತೆಯಲ್ಲಿದ್ದೇನೆ. ದುಡ್ಡು ಕೂಡುವ ಮೊದಲು ವಿಚಾರ ಕೂಡಿಸುತ್ತಿದ್ದೇನೆ ಎಂದರೆ ಸರಿಯಾದೀತು.

ಮೊದಲಿಗೆ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. “ತಮ್ಮಾ, ಆಟಕ್ಕೆ ಇಷ್ಟು ದುಡ್ಡೆ?” ಎಂದು ಮನೆಯವರು ಕೇಳಿದರೆ ಅದು ತಪ್ಪಲ್ಲ. ಕಲಾ ವಿಭಾಗದವರಿಗೆ ಇದೇಕೆ ಎಂದು ಗುರುಗಳು ಕೇಳಿದರೂ ತಪ್ಪಲ್ಲ. ಆದರೆ ಆಟ ಬೇರೆ, ಜೂಜು ಬೇರೆ. ಈ ಭೇದವನ್ನು ನಮ್ಮ ಸಂಸತ್ತೇ ಒಪ್ಪಿಕೊಂಡಿದೆ. 2025ರ ಆಗಸ್ಟಿನಲ್ಲಿ ಬಂದ ಕಾಯಿದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಸ್ಪರ್ಧಾರೂಪದ ಇ-ಕ್ರೀಡೆಯನ್ನು ಮಾತ್ರ ಮಾನ್ಯ ಮಾಡಿತು. ಮೇಲಾಗಿ, ಆಟವನ್ನು ಓಡಿಸಬಲ್ಲ ಯಂತ್ರ ಬೇರೆ ಕೆಲಸಕ್ಕೂ ಗಟ್ಟಿಗ. ಆಟದ ಚಿತ್ರವನ್ನು ಕ್ಷಣಕ್ಷಣಕ್ಕೆ ಬಿಡಿಸುವ ಗ್ರಾಫಿಕ್ಸ್ ಕಾರ್ಡೇ ಚಲನಚಿತ್ರದ ಸಂಕಲನಕ್ಕೂ ನೆರವಾಗುತ್ತದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ತಲೆಮಾರಿನ ಹಾಲಕ್ಕಿ ಹೆಂಗಸರ ಬಾಯಲ್ಲಿರುವ ಹಾಡುಗಳನ್ನು, ಸುಗ್ಗಿಯ ಕುಣಿತವನ್ನು ಚಿತ್ರೀಕರಿಸಿ, ಶುದ್ಧಗೊಳಿಸಿ, ಜೋಪಾನ ಮಾಡತಕ್ಕವರು ಕಲಾ ವಿದ್ಯಾರ್ಥಿಗಳಲ್ಲದೆ ಮತ್ತಾರು? ಹಗಲು ಈ ಕೆಲಸ ಮಾಡಿದ ಯಂತ್ರದಲ್ಲಿ ಸಂಜೆ ಒಂದು ತಾಸು ಆಟವಾಡಿದರೆ ಯಾರಿಗೂ ನಷ್ಟವಿಲ್ಲ.

ಹಾಗಾದರೆ ಲ್ಯಾಪ್‌ಟಾಪೇ ಸಾಕಲ್ಲವೆ ಎಂಬ ಪ್ರಶ್ನೆ ಬರುತ್ತದೆ. ದಿನವೂ ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರು ಬಸ್ಸಿನಲ್ಲಿ ಓಡಾಡುವವನಿಗೆ ಓದು-ಬರಹದ ಸಲುವಾಗಿ ಹಗುರವಾದ ಲ್ಯಾಪ್‌ಟಾಪು ಒಳ್ಳೆಯದೇ. ಆದರೆ ಆಟದ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರು, ಗ್ರಾಫಿಕ್ಸಿನ ಚಿಪ್ಪು ಎರಡನ್ನೂ ಒಂದೇ ಹಲಗೆಗೆ ಬೆಸೆದುಬಿಟ್ಟಿರುತ್ತಾರೆ. ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ; ಒಂದು ಹಳತಾದರೆ ಎಲ್ಲವೂ ಹಳತಾದಂತೆ. ಇಕ್ಕಟ್ಟಿನ ಜಾಗದಲ್ಲಿ ಕಾವು ಬೇರೆ. ಬಿಡಿಭಾಗಗಳಿಂದ ಕೂಡಿಸಿದ ಮೇಜಿನ ಕಂಪ್ಯೂಟರಿನಲ್ಲಾದರೋ ಕೆಟ್ಟದ್ದನ್ನು ಮಾತ್ರ ತೆಗೆದು ಉಳಿದದ್ದನ್ನು ಇಟ್ಟುಕೊಳ್ಳಬಹುದು.

ನನ್ನ ಮುಖ್ಯ ಮಾತು ಇಲ್ಲಿಯೇ ಇದೆ. ಬಾಳಿಕೆ ಎಂದರೆ ಎಲ್ಲ ಭಾಗಗಳೂ ಹತ್ತು ವರ್ಷ ಉಳಿಯುವುದಲ್ಲ. ಯಾವುದು ಉಳಿಯಬೇಕು, ಯಾವುದು ಬದಲಾಗಬೇಕು ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸುವುದು. ಬೈತಖೋಲಿನ ಬಂದರಿನಲ್ಲಿಯೋ ಬೇಲೆಕೇರಿಯಲ್ಲಿಯೋ ಯಾವ ಮೀನುಗಾರನನ್ನಾದರೂ ಕೇಳಿ ನೋಡಿರಿ. ದೋಣಿಯ ಒಡಲನ್ನು ಅವನು ಬಹು ಕಾಲಕ್ಕೆಂದು ಕಟ್ಟಿಸುತ್ತಾನೆ. ಎಂಜಿನು ನಡುವೆ ಬದಲಾಗುತ್ತದೆ. ಬಲೆ ಅದಕ್ಕಿಂತಲೂ ಬೇಗ ಬದಲಾಗುತ್ತದೆ. ಎಂಜಿನಿಗೆ ಎಲ್ಲ ದುಡ್ಡನ್ನೂ ಸುರಿದು ಒಡಲಿಗೆ ಕಚ್ಚಾ ಮರ ಹಾಕುವ ಹುಚ್ಚನನ್ನು ನಾನು ಕಂಡಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಎಲ್ಲ ದುಡ್ಡನ್ನೂ ಸುರಿದು, ಹೆಸರಿಲ್ಲದ ಅಗ್ಗದ ಪವರ್ ಸಪ್ಲೈ ಹಾಕಿಸುವ ವಿದ್ಯಾರ್ಥಿಗಳು ಬೇಕಾದಷ್ಟು ಇದ್ದಾರೆ.

ಕಂಪ್ಯೂಟರಿನ ಒಡಲು ಎಂದರೆ ಕ್ಯಾಬಿನೆಟ್ಟು, ಪವರ್ ಸಪ್ಲೈ ಮತ್ತು ಮದರ್‌ಬೋರ್ಡು. ಇವುಗಳ ಅಳತೆಗೆ ಆಧಾರವಾದ ಎ.ಟಿ.ಎಕ್ಸ್. ಎಂಬ ಕ್ರಮವನ್ನು ಇಂಟೆಲ್ ಕಂಪನಿ 1995ರಲ್ಲಿ ಗೊತ್ತುಪಡಿಸಿತು. ಮೂವತ್ತು ವರ್ಷಗಳು ಕಳೆದರೂ ಬೋರ್ಡಿನ ಅಳತೆ 305 ಮಿಲಿಮೀಟರಿಗೆ 244 ಮಿಲಿಮೀಟರು ಎಂಬುದು ಬದಲಾಗಿಲ್ಲ. ಗ್ರಾಫಿಕ್ಸ್ ಕಾರ್ಡು ಕೂಡುವ ಪಿ.ಸಿ.ಐ. ಎಕ್ಸ್‌ಪ್ರೆಸ್ ಎಂಬ ಕಂಡಿ 2003ರಲ್ಲಿ ಗೊತ್ತಾದದ್ದು. ವೇಗ ಹಲವು ಪಟ್ಟು ಹೆಚ್ಚಿದರೂ ಹೊಸ ಕಾರ್ಡು ಹಳೆಯ ಕಂಡಿಯಲ್ಲಿ ಕೂಡುತ್ತದೆ. ಎಂದರೆ, ಬಾಳಿಕೆ ಇರುವುದು ವಸ್ತುವಿನಲ್ಲಿ ಮಾತ್ರವಲ್ಲ, ಎಲ್ಲರೂ ಒಪ್ಪಿದ ಅಳತೆಯಲ್ಲಿ. ಯಾವುದೋ ಕಂಪನಿಯ ವಿಚಿತ್ರ ಆಕಾರದ ಪೆಟ್ಟಿಗೆಯನ್ನು ಚಂದಕ್ಕೆ ಮರುಳಾಗಿ ಕೊಂಡರೆ ಈ ಲಾಭ ಕೈತಪ್ಪುತ್ತದೆ.

ಪ್ರೊಸೆಸರು ಕೂಡುವ ಸಾಕೆಟ್ಟಿನ ವಿಷಯವಾಗಿ ಇನ್ನಷ್ಟು ಎಚ್ಚರ ಬೇಕು. ಎ.ಎಂ.ಡಿ. ಕಂಪನಿಯು 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರುಗಳನ್ನು ಹೊರತಂದಾಗ ಬಳಸಿದ ಸಾಕೆಟ್ಟು ಎ.ಎಂ.4. ಅದೇ ಸಾಕೆಟ್ಟಿಗೆಂದು 2022ರ ಏಪ್ರಿಲಿನಲ್ಲಿ ರೈಜೆನ್ 7 5800ಎಕ್ಸ್3ಡಿ ಎಂಬ, ಆಟಕ್ಕೆ ಬಹಳ ಹೆಸರಾದ ಪ್ರೊಸೆಸರು ಬಂತು. ಮೊದಲ ವರ್ಷ ಬೋರ್ಡು ಕೊಂಡವರಲ್ಲಿ ಅನೇಕರು ಐದು ವರ್ಷಗಳ ಮೇಲೆ ಬಯೋಸನ್ನಷ್ಟೇ ಹೊಸದು ಮಾಡಿ ಈ ಪ್ರೊಸೆಸರನ್ನು ಕೂರಿಸಿದರು. ಇದಕ್ಕೆ ಪ್ರತಿಯಾಗಿ ಇಂಟೆಲ್‌ನ 1151 ಸಾಕೆಟ್ಟು 2015ರಲ್ಲಿ ಬಂದು, 2017ರ ಎಂಟನೆಯ ಪೀಳಿಗೆಯ ಪ್ರೊಸೆಸರಿಗೆ ಅದೇ ಸಂಖ್ಯೆಯ ಸಾಕೆಟ್ಟು ಇದ್ದರೂ ಹಳೆಯ ಬೋರ್ಡು ನಡೆಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬಂದ ಎ.ಎಂ.5 ಸಾಕೆಟ್ಟನ್ನು 2027ರ ವರೆಗೆ ಮತ್ತು ಅದರಾಚೆಗೂ ನಡೆಸುವುದಾಗಿ ಎ.ಎಂ.ಡಿ. ಹೇಳಿದೆ. ಕಂಪನಿಯ ಮೇಲಣ ಅಭಿಮಾನದಿಂದ ಈ ಮಾತು ಹೇಳುತ್ತಿಲ್ಲ. ಇಂದು ಮಧ್ಯಮ ಪ್ರೊಸೆಸರು ಹಾಕಿ, ನಾಲ್ಕೈದು ವರ್ಷಗಳ ಮೇಲೆ ಅದೇ ಬೋರ್ಡಿನಲ್ಲಿ ಮೇಲ್ತರದ್ದನ್ನು ಅಗ್ಗವಾದಾಗ ಹಾಕುವ ದಾರಿ ತೆರೆದಿರಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ದುಬಾರಿಯಾದದ್ದನ್ನು ಇಂದೇ ಕೊಂಡರೆ ಮುಂದೆ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಮಗು ಬೆಳೆಯುತ್ತದೆಂದು ಐದರ ಹುಡುಗನಿಗೆ ಹದಿನೈದರ ಅಂಗಿ ಹೊಲಿಸಿದಂತೆ. ನೂರು ರೂಪಾಯಿ ಇದ್ದರೆ ನಾನು ಹೀಗೆ ಹಂಚುವೆನು: ಗ್ರಾಫಿಕ್ಸ್ ಕಾರ್ಡಿಗೆ 35, ಪ್ರೊಸೆಸರಿಗೆ 15, ಮದರ್‌ಬೋರ್ಡಿಗೆ 12, ಮೆಮೊರಿಗೆ 10, ಎಸ್.ಎಸ್.ಡಿ.ಗೆ 8, ಪವರ್ ಸಪ್ಲೈಗೆ 8, ಯು.ಪಿ.ಎಸ್.ಗೆ 7, ಕ್ಯಾಬಿನೆಟ್ಟಿಗೆ 5. ಮಾನಿಟರಿನ ಲೆಕ್ಕ ಬೇರೆ. ಪೇಟೆಯ ಏರಿಳಿತಕ್ಕೆ ತಕ್ಕಂತೆ ಇದರಲ್ಲಿ ವ್ಯತ್ಯಾಸವಾದೀತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಭಾರೀ ಕೇಂದ್ರಗಳು ಮೆಮೊರಿಯನ್ನೆಲ್ಲ ಸೆಳೆದುಕೊಂಡುದರಿಂದ ಅದರ ಬೆಲೆ ಜಗತ್ತಿನ ತುಂಬ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಕ್ರುಶಿಯಲ್ ಹೆಸರಿನ ತನ್ನ ಬಿಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಎಲ್ಲಿಯದೋ ಗಾಳಿಗೆ ನಮ್ಮ ಹಾಯಿ ಅಲುಗುವುದೆಂದರೆ ಇದೇ. ಇಂಥ ಹೊತ್ತಿನಲ್ಲಿ ಅಗತ್ಯವಿದ್ದಷ್ಟೇ ಮೆಮೊರಿ ಕೊಂಡು, ಉಳಿದ ಎರಡು ಕಂಡಿಗಳನ್ನು ಖಾಲಿ ಬಿಡುವುದು ಜಾಣತನ.

ಇನ್ನು ನಮ್ಮ ಊರಿನ ವಿಶೇಷ ಶತ್ರುವಿನ ವಿಷಯ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಅಂಕೋಲೆಯಲ್ಲಿ ಉಪ್ಪನ್ನು ಶತ್ರು ಎನ್ನಲು ಸಂಕೋಚವಾಗುತ್ತದೆ. ಆದರೂ ಕಂಪ್ಯೂಟರಿನ ಮಟ್ಟಿಗೆ ಮಾತು ಸತ್ಯ. ಕಡಲ ಗಾಳಿ ತರುವ ಉಪ್ಪಿನ ಸೂಕ್ಷ್ಮ ಕಣಗಳು ಧೂಳಿನೊಂದಿಗೆ ಬೋರ್ಡಿನ ಮೇಲೆ ಕೂಡುತ್ತವೆ. ಗಾಳಿಯ ತೇವಾಂಶ ಶೇಕಡಾ 75ನ್ನು ದಾಟಿದೊಡನೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿಯಲ್ಲಿ ನಾವು ಕಾಣುವುದೂ ಇದನ್ನೇ. ಹೀಗೆ ಕರಗಿದ ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಲೋಹವನ್ನು ತಿನ್ನುತ್ತದೆ. ಇದಕ್ಕೆ ಮದ್ದು ಸರಳ. ಜಾಳಿಗೆಯ ಶೋಧಕವಿರುವ ಕ್ಯಾಬಿನೆಟ್ಟು ಕೊಳ್ಳಬೇಕು. ಒಳಕ್ಕೆ ಗಾಳಿ ಎಳೆಯುವ ಫ್ಯಾನುಗಳ ಬಲ ಹೊರಕ್ಕೆ ತಳ್ಳುವವುಗಳಿಗಿಂತ ತುಸು ಹೆಚ್ಚಿರಬೇಕು. ಆಗ ಸಂದುಗೊಂದುಗಳಿಂದ ಧೂಳು ನುಗ್ಗದು. ಕಡಲ ಕಡೆಯ ಕಿಟಕಿಯ ಬಳಿ ಇಡಬಾರದು. ನೆಲದ ಮೇಲೂ ಇಡಬಾರದು. ಬಳಸದ ಕಂಡಿಗಳನ್ನು ಮುಚ್ಚಬೇಕು, ಇಲ್ಲವಾದರೆ ಹಲ್ಲಿ ಒಳಹೊಕ್ಕು ತಾನೂ ಸತ್ತು ಯಂತ್ರವನ್ನೂ ಕೊಲ್ಲುತ್ತದೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಒಂದು ತಾಸು ನಡೆಸುವುದು ಲೇಸು. ಒಳಗಿನ ಕಾವಿಗೆ ತೇವ ಆರುತ್ತದೆ. ಆಟವಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ತೋರದು!

ಎರಡನೆಯ ಶತ್ರು ಕರೆಂಟು. ನಮ್ಮ ತಾಲೂಕಿನ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಆದರೂ ಆಷಾಢದ ಗಾಳಿಗೆ ತಂತಿಯ ಮೇಲೆ ಮರದ ಟೊಂಗೆ ಬಿದ್ದರೆ ಕಾರವಾರದಲ್ಲಿಯೇ ಕತ್ತಲೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ಉದಾಹರಣೆ ಬೇಡ. ವಿದ್ಯುತ್ತು ಹೋಗುವುದಕ್ಕಿಂತಲೂ ಅದು ಏರಿಳಿಯುವುದೂ ಒಮ್ಮೆಲೆ ಮರಳಿ ಬರುವುದೂ ಹೆಚ್ಚಿನ ಅಪಾಯ. ಆದುದರಿಂದ ಯು.ಪಿ.ಎಸ್. ನಮಗೆ ಅಲಂಕಾರವಲ್ಲ, ಅವಶ್ಯಕತೆ. ಪೇಟೆಯಲ್ಲಿ 1000 ವಿ.ಎ. ಎಂದು ಬರೆದದ್ದು ಸಾಮಾನ್ಯವಾಗಿ 600 ವಾಟಿನಷ್ಟೇ ಭಾರ ಹೊರುತ್ತದೆ ಎಂಬುದನ್ನು ನೆನಪಿಡಬೇಕು. ಅದರ ಬ್ಯಾಟರಿಯನ್ನು ಎರಡು-ಮೂರು ವರ್ಷಗಳಿಗೊಮ್ಮೆ ಬದಲಿಸುವ ಖರ್ಚನ್ನೂ ಮೊದಲೇ ಲೆಕ್ಕ ಹಿಡಿಯಬೇಕು. ಮನೆಯ ಅರ್ಥಿಂಗು ಸರಿಯಿಲ್ಲದಿದ್ದರೆ ಯಂತ್ರಕ್ಕಿಂತ ಮೊದಲು ಅದನ್ನು ಸರಿಪಡಿಸಬೇಕು. ಗುಡುಗು ಕೇಳಿದೊಡನೆ ಪ್ಲಗ್ಗು ಕೀಳುವುದನ್ನು ಮಾತ್ರ ಯಾವ ಉಪಕರಣವೂ ನಮಗಾಗಿ ಮಾಡಲಾರದು. ಪವರ್ ಸಪ್ಲೈಯಲ್ಲಿ ಉಳಿತಾಯ ಬೇಡ. ಒಳ್ಳೆಯವುಗಳಿಗೆ 5ರಿಂದ 10 ವರ್ಷಗಳ ಖಾತರಿ ಇರುತ್ತದೆ. ಅವುಗಳೊಳಗಿನ ಕೆಪ್ಯಾಸಿಟರುಗಳ ಉಷ್ಣತೆ 10 ಡಿಗ್ರಿ ಇಳಿದರೆ ಅವುಗಳ ಬಾಳಿಕೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಗಾಳಿಯಾಡುವಿಕೆಗೆ ಇಷ್ಟೊಂದು ಮಹತ್ವ ಕೊಡುವುದು ಇದಕ್ಕಾಗಿಯೇ.

ಬಿಡಿಭಾಗಗಳಿಗೆ ನಾವು ಹುಬ್ಬಳ್ಳಿಗೋ ಮಡಗಾವಿಗೋ ಹೋಗಬೇಕು, ಇಲ್ಲವೆ ಅಂಚೆಯಲ್ಲಿ ತರಿಸಬೇಕು. ಆದುದರಿಂದ ಪ್ರತಿಯೊಂದರ ಬಿಲ್ಲನ್ನೂ ಪೆಟ್ಟಿಗೆಯನ್ನೂ ಖಾತರಿ ಮುಗಿಯುವ ತನಕ ಕಾದಿಡಬೇಕು. ಮಳೆ ನೀರಿಗೆ ಅಕ್ಷರ ಅಳಿಸುವ ಬಿಲ್ಲಿನ ಭಾವಚಿತ್ರವನ್ನು ಕೊಂಡ ದಿನವೇ ತೆಗೆದಿಡುವುದು ಒಳ್ಳೆಯದು.

ಕೂಡಿಸಿದ ಮೇಲೆ ಪಾಲನೆ. ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ 31ರ ವರೆಗೆ 962 ದಿನ ಎಡೆಬಿಡದೆ ನಡೆದು ಆ ಹೊತ್ತಿಗೆ ಜಗತ್ತಿನ ದಾಖಲೆಯಾಯಿತು. ನನಗೆ ಆ ಸಂಖ್ಯೆಗಿಂತ ಹೆಚ್ಚಾಗಿ ಹಿಡಿಸಿದ್ದು ಅದರ ಕೊನೆ: ಅದು ಕೆಟ್ಟು ನಿಂತದ್ದಲ್ಲ, ತಪಾಸಣೆಗಾಗಿ ತಿಳಿದೇ ನಿಲ್ಲಿಸಿದ್ದು. ನಮ್ಮ ಮೀನುಗಾರರೂ ಹಾಗೆಯೇ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳನ್ನು ಅವರು ದೋಣಿಗೆ ಬಣ್ಣ ಬಳಿಯಲು, ಬಲೆ ಹೆಣೆಯಲು ಬಳಸುತ್ತಾರೆ. ನಾವೂ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ ಮತ್ತು ದೀಪಾವಳಿಯ ಹೊತ್ತಿಗೆ ಒಮ್ಮೆ, ಯಂತ್ರವನ್ನು ಬಿಚ್ಚಿ ಮೆತ್ತನೆಯ ಕುಂಚದಿಂದ ಧೂಳು ಕೊಡಹಿದರೆ ಅದರ ಆಯುಷ್ಯ ಖಂಡಿತ ಹೆಚ್ಚೀತು.

ಯಂತ್ರ ಗಟ್ಟಿಯಿದ್ದರೂ ತಂತ್ರಾಂಶ ಅದನ್ನು ಮುದುಕನನ್ನಾಗಿ ಮಾಡುವುದುಂಟು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕೆಂದುದರಿಂದ, ಕೈಕಾಲು ಗಟ್ಟಿಯಿದ್ದ ಎಷ್ಟೋ ಯಂತ್ರಗಳು ಏಕಾಏಕಿ ನಿವೃತ್ತಿಗೆ ಬಂದವು. ಅಂಥವುಗಳಿಗೆ ಲಿನಕ್ಸ್ ಹಾಕಿದರೆ ಬರಹ, ಓದು, ಕನ್ನಡದ ಅಚ್ಚುಕೆಲಸಗಳಿಗೆ ಇನ್ನೂ ಹಲವು ವರ್ಷ ದುಡಿಯಬಲ್ಲವು. ಆಟಕ್ಕೆ ಸಾಲದ ಯಂತ್ರ ತಂಗಿಯ ಪಾಠಕ್ಕೆ ಸಾಕು. ಅದಕ್ಕೂ ಸಾಲದ್ದು ಯಾವುದಾದರೂ ಹಳ್ಳಿಯ ವಾಚನಾಲಯಕ್ಕೆ ಸಾಕು. ಹೀಗೆ ಕೈಯಿಂದ ಕೈಗೆ ಇಳಿಯುವ ಯಂತ್ರವನ್ನೇ ನಾನು ಬಾಳಿಕೆಯ ಯಂತ್ರವೆನ್ನುವೆನು.

ಕೊನೆಗೆ ನಮ್ಮ ಕಾಲೇಜಿಗೆ ಒಂದು ಸೂಚನೆ. ವರ್ಷಕ್ಕೊಂದು ದಿನ, ಮೇ ತಿಂಗಳ ರಜೆಗೆ ಮುಂಚೆ, ಕಂಪ್ಯೂಟರು ಬಿಚ್ಚುವ ದಿನವೆಂದು ಆಚರಿಸಬಾರದೇಕೆ? ಕಾಲೇಜಿನ ಹಳೆಯ ಯಂತ್ರವೊಂದನ್ನು ಗುರುಗಳ ಸಮಕ್ಷಮ ಬಿಚ್ಚಿ, ಭಾಗಗಳನ್ನು ಗುರುತಿಸಿ, ಒರೆಸಿ, ಮರಳಿ ಕೂಡಿಸಿದರೆ ಅದಕ್ಕೆ ಖರ್ಚು ಒಂದು ತಿರುಗುಳಿಯದು, ನಾಲ್ಕು ಕುಂಚಗಳದು. ಕಲಾ ವಿದ್ಯಾರ್ಥಿಗಳಿಗೆ ಯಂತ್ರದ ಗೊಡವೆಯೇಕೆ ಎಂಬ ಮಾತು ಅಂದಿಗೆ ನಿಂತೀತು. ನಮ್ಮ ಸಹಪಾಠಿಗಳಲ್ಲಿ ಹೆಚ್ಚಿನವರು ಮೀನುಗಾರರ, ರೈತರ, ಸಣ್ಣ ವ್ಯಾಪಾರಿಗಳ ಮನೆಯವರು. ನಮಗೆ ಬರುವ ಒಂದು ದೊಡ್ಡ ಮೊತ್ತ ಮನೆಯ ಹಲವು ಬೇಡಿಕೆಗಳನ್ನು ಹಿಂದಿಕ್ಕಿ ಬಂದಿರುತ್ತದೆ. ಅದನ್ನು ವೆಚ್ಚ ಮಾಡುವಾಗ ಆಟವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಿರಿಯರ ಆ ಹಳೆಯ ಪ್ರಶ್ನೆಯನ್ನು ಅಂಗಡಿಯ ಮೆಟ್ಟಿಲು ಹತ್ತುವಾಗಲೂ ಜೊತೆಗೆ ಒಯ್ಯೋಣ ಎಂದಷ್ಟೇ ನನ್ನ ವಿನಂತಿ.